ಮರ ಯಾವ ಕಡೆಗೆ ಬಿತ್ತು?

ಇವತ್ತಿನ ಎಪಿಸೋಡ್ ಶುರುವಾಗೋದು ಚನ್ನರಾಯಪಟ್ಟಣದ ಹತ್ತಿರ ಇರುವ ನಮ್ಮ ದೊಡ್ಡಪ್ಪನ ತೆಂಗಿನ ತೋಟದಿಂದ. ಕೆಲವು ವರ್ಷದ ಹಿಂದೆ, ಭರಣಿ ಮಳೆ ಟೈಮು. ಸಂಜೆ ಹತ್ತು ನಿಮಿಷ ಬೀಸಿದ ಗಾಳಿಗೆ ಹದಿನಾರು ಮರ ಮಲಗಿಬಿಟ್ಟವು. ಕೊಟ್ಟಿಗೆಯ ಶೀಟು ಪಕ್ಕದವರ ಹೊಲದಲ್ಲಿ ಸಿಕ್ಕಿತು. ಊರಲ್ಲಿ ಎಲ್ಲರೂ 'ಸುಂಟರಗಾಳಿ' ಅಂದರು. ಪರಿಹಾರಕ್ಕೆ ಬರೆದ ಮಹಜರಿನಲ್ಲಿ ಮರ ಎಷ್ಟು, ಶೀಟು ಎಷ್ಟು ಅಂತ ಬರೆದರು. ಮರ ಯಾವ ಕಡೆಗೆ ಬಿದ್ದಿದೆ ಅಂತ ಯಾರೂ ಬರೆಯಲಿಲ್ಲ.

ಅದರಲ್ಲೇನಿದೆ ಅಂತೀರಾ? ನಾನು ಬಿ.ಕಾಂ. ಓದಿದವನು. ಖಾತೆಯಲ್ಲಿ ಮೊತ್ತ ಬರೆದು ಡೆಬಿಟ್ಟಾ ಕ್ರೆಡಿಟ್ಟಾ ಅಂತ ಬರೆಯದಿದ್ದರೆ ಆ ಲೆಕ್ಕ ಹೇಗೋ, ಇದೂ ಹಾಗೇ.

ಗಾಳಿ ಮಳೆಯ ಲೆಕ್ಕ ಬರೆಯೋದು ಹಾಸನಕ್ಕೆ ಹೊಸದೇನಲ್ಲ. ಮೈಸೂರು ಮಹಾರಾಜರ ಕಾಲದಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಅವರು ಸಂಸ್ಥಾನದ ಹವಾಮಾನ ವರದಿ ಹೊರತರುತ್ತಿದ್ದರು. 1893ರ ವರದಿಯಲ್ಲಿ ನಾಲ್ಕೇ ಕೇಂದ್ರ: ಬೆಂಗಳೂರು, ಮೈಸೂರು, ಚಿತ್ರದುರ್ಗ, ಹಾಸನ. ಇನ್ನು 1982ರಲ್ಲಿ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಬಂತು. ನಾವು 'ಎಂಸಿಎಫ್' ಅಂತೀವಲ್ಲ, ಅದೇ. ಟಿವಿ ನ್ಯೂಸಲ್ಲಿ ನೋಡುವ ಮೋಡದ ಚಿತ್ರ ತೆಗೆಯುವ ಇನ್ಸಾಟ್ ಉಪಗ್ರಹಗಳ ಲಗಾಮು ಅಲ್ಲೇ ಇರೋದು.

ಅಂದಮೇಲೆ ದೊಡ್ಡಪ್ಪನ ತೋಟದ ಗಾಳಿ ಯಾಕೆ ಯಾರ ಲೆಕ್ಕಕ್ಕೂ ಸಿಗಲಿಲ್ಲ? ಅದು ತೀರಾ ಚಿಕ್ಕದು. ಇನ್ಸಾಟ್-3ಡಿಎಸ್‌ನ ಇನ್‌ಫ್ರಾರೆಡ್ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 4 ಕಿ.ಮೀ. ನಿಜವಾದ ಸುಂಟರಗಾಳಿಯ ಕಾಲು, ಅಂದರೆ ನೆಲ ಮುಟ್ಟುವ ಭಾಗ, ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಗಲ ಇದ್ದರೆ ಹೆಚ್ಚು. ಬಹಳಷ್ಟು ಸಲ ಹತ್ತು ನಿಮಿಷದಲ್ಲಿ ಮುಗಿದೇ ಹೋಗುತ್ತೆ. ಒಂದೇ ಜಾಗದಲ್ಲಿ ನೆಟ್ಟ ಮಾಪಕದ ಹತ್ತಿರಕ್ಕೆ ಅದು ತಾನಾಗೇ ಬರೋದು ಲಾಟರಿ ಹೊಡೆದ ಹಾಗೆ.

ಹಾಗಾಗಿ ವಿಜ್ಞಾನಿಗಳೇ ಗಾಳಿಯನ್ನು ಹುಡುಕಿಕೊಂಡು ಹೋದರು. 'ಟ್ವಿಸ್ಟರ್' ಸಿನಿಮಾ ನೋಡಿದ್ದರೆ ಗೊತ್ತಿರುತ್ತೆ. ಆದರೆ ಆ ಕಥೆಯಲ್ಲಿ ನನಗೆ ಹಿಡಿಸಿದ್ದು ಗಾಳಿ ಹೋದಮೇಲೆ ಬಂದು ನೆಲ ನೋಡಿದ ಒಬ್ಬ ಮನುಷ್ಯ. ಜಪಾನಿನ ಟೆಟ್ಸುಯಾ ಫುಜಿತಾ.

1945ರಲ್ಲಿ ಫುಜಿತಾ ಕೊಕುರಾ ಊರಿನ ಹತ್ತಿರ ಮೇಷ್ಟ್ರಾಗಿದ್ದರು. ಆಗಸ್ಟ್ 9ರ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರಾ ಮೇಲೆ. ಅವತ್ತು ಮೋಡ, ಹೊಗೆ ಕವಿದು ಗುರಿ ಕಾಣದೆ ವಿಮಾನ ನಾಗಸಾಕಿಗೆ ಹೋಯಿತು. ಆಮೇಲೆ ಫುಜಿತಾ ನಾಗಸಾಕಿ, ಹಿರೋಷಿಮಾಗೆ ಹೋಗಿ ಹಾನಿ ಅಧ್ಯಯನ ಮಾಡಿದರು. ಸ್ಫೋಟ ಆದ ಜಾಗದಿಂದ ಮರಗಳು ಗಾಡಿ ಚಕ್ರದ ಅರೆಕಾಲುಗಳ ಹಾಗೆ ಹೊರಗಡೆಗೆ ಬಿದ್ದಿದ್ದವು. ಅದು ಅವರ ತಲೆಯಲ್ಲಿ ಉಳಿಯಿತು.

1953ರಲ್ಲಿ ಅವರು ಚಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. 1971ರಲ್ಲಿ, ಹಾನಿ ನೋಡಿ ಸುಂಟರಗಾಳಿಯ ಬಲ ಅಳೆಯುವ 'ಎಫ್' ಮಾಪನ ಕೊಟ್ಟರು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ 148 ಸುಂಟರಗಾಳಿ ಎದ್ದವು. ಚಿಕ್ಕ ವಿಮಾನದಲ್ಲಿ ಮೇಲಿಂದ ನೋಡುತ್ತಾ ಹೋದಾಗ, ಒಂದು ಕಾಡಿನಲ್ಲಿ ಮತ್ತೆ ಅದೇ ಚಿತ್ರ: ಮರಗಳು ಸುರುಳಿಯಾಗಿ ಬಿದ್ದಿರಲಿಲ್ಲ, ಚಕ್ರದ ಅರೆಕಾಲಿನಂತೆ ಹೊರಕ್ಕೆ ಬಿದ್ದಿದ್ದವು. ಮುಂದಿನ ವರ್ಷ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಬಿದ್ದು 113 ಜನ ಸತ್ತಾಗ, ಫುಜಿತಾಗೆ ವಿಷಯ ಹೊಳೆಯಿತು. ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ರಪ್ಪನೆ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಸುತ್ತಲೂ ಚೆಲ್ಲುತ್ತೆ. ಬಿಂದಿಗೆ ನೀರನ್ನು ಅಂಗಳಕ್ಕೆ ಸುರಿದ ಹಾಗೆ. ಇದಕ್ಕೆ 'ಡೌನ್‌ಬರ್ಸ್ಟ್' ಅಂತ ಹೆಸರಿಟ್ಟರು. ತುಂಬಾ ಜನ ನಂಬಲಿಲ್ಲ. 1978ರಲ್ಲಿ ರೇಡಾರ್ ಇಟ್ಟು ಕಾದು ತೋರಿಸಿದಮೇಲೆ ನಂಬಿದರು. ಬಿದ್ದ ಮರದ ದಿಕ್ಕು ನೋಡಿದ್ದರಿಂದ ಆಮೇಲೆ ಎಷ್ಟು ವಿಮಾನಗಳು ಉಳಿದಿರಬಹುದು, ಯೋಚನೆ ಮಾಡಿ.

ನಿಜವಾದ ಸುಂಟರಗಾಳಿಯ ಹಿಂದೆ ಓಡಿದವರ ಕಥೆ ಬೇರೆ. 1994-95ರ 'ವೋರ್ಟೆಕ್ಸ್' ಯೋಜನೆಯಲ್ಲಿ ವಿಜ್ಞಾನಿಗಳು ಗಾಡಿಗಳಲ್ಲಿ ಉಪಕರಣ ಹೊತ್ತು ಮೋಡದ ಹಿಂದೆ ಬಿದ್ದರು. ಲಾರಿ ಮೇಲೆ ರೇಡಾರ್ ಕೂರಿಸಿದ ಜೋಶುವಾ ವುರ್ಮನ್ ತಂಡ, 1999ರ ಮೇ 3ರಂದು ಓಕ್ಲಹೋಮಾದಲ್ಲಿ ಗಂಟೆಗೆ 480 ಕಿ.ಮೀ. ದಾಟಿದ ಗಾಳಿ ಅಳೆಯಿತು. ಟಿಮ್ ಸಮಾರಸ್ ಅನ್ನುವವರು ಆಮೆಯ ಹಾಗೆ ಚಪ್ಪಟೆಯಾದ ಮಾಪಕವನ್ನು ಸುಂಟರಗಾಳಿಯ ದಾರಿಯಲ್ಲಿ ಇಟ್ಟು ಓಡಿಬರುತ್ತಿದ್ದರು. 2003ರಲ್ಲಿ ಅವರ ಮಾಪಕದ ಮೇಲೇ ಒಂದು ಸುಂಟರಗಾಳಿ ಹಾದು, ಗಾಳಿಯ ಒತ್ತಡ 100 ಮಿಲಿಬಾರ್ ಕುಸಿದದ್ದು ದಾಖಲಾಯಿತು. ಹತ್ತು ವರ್ಷದ ನಂತರ, 2013ರ ಮೇ 31ರಂದು, ಎಲ್ ರೆನೋ ಊರಿನ ಹತ್ತಿರ ಟಿಮ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಅಂಥದ್ದೇ ಗಾಳಿಗೆ ಸಿಕ್ಕಿ ತೀರಿಕೊಂಡರು.

ಇಷ್ಟೆಲ್ಲ ಮಾಡಿ ಗೊತ್ತಾಗಿದ್ದು ಇದು. ನೆಲದ ಹತ್ತಿರದ ಗಾಳಿಗೂ ಮೇಲಿನ ಗಾಳಿಗೂ ವೇಗ, ದಿಕ್ಕು ಬೇರೆ ಇದ್ದರೆ ನಡುವಿನ ಗಾಳಿ ಅಡ್ಡಡ್ಡ ಉರುಳುತ್ತೆ. ಬಿಸಿಗಾಳಿ ಮೇಲೇರುತ್ತಾ ಆ ಉರುಳನ್ನು ನೆಟ್ಟಗೆ ನಿಲ್ಲಿಸುತ್ತೆ. ಆದರೆ ಹೀಗೆ ತಿರುಗುವ ಮೋಡಗಳಲ್ಲಿ ಹೆಚ್ಚಿನವು ಸುಂಟರಗಾಳಿ ಹುಟ್ಟಿಸೋದೇ ಇಲ್ಲ. ಯಾವುದು ಹುಟ್ಟಿಸುತ್ತೆ ಅನ್ನೋದು ನೆಲದ ಹತ್ತಿರ, ಕೊನೆಯ ಕೆಲವು ನೂರು ಮೀಟರಿನಲ್ಲಿ ತೀರ್ಮಾನ ಆಗುತ್ತೆ. ಅಳೆಯೋಕೆ ಅತಿ ಕಷ್ಟದ ಜಾಗವೂ ಅದೇ.

ನಮ್ಮ ದೇಶದಲ್ಲೂ ಸುಂಟರಗಾಳಿ ಇದೆ. 1978ರ ಮಾರ್ಚ್ 17ರಂದು ದೆಹಲಿಗೇ ಬಂದಿತ್ತು. ಆದರೆ ಹಾಸನ ಕಡೆ ಏಪ್ರಿಲ್-ಮೇನಲ್ಲಿ ನಾವು ಸುಂಟರಗಾಳಿ ಅಂತ ಕರೆಯೋದರಲ್ಲಿ ಬಹುಪಾಲು ಫುಜಿತಾ ಹೇಳಿದ ಬಿಂದಿಗೆ ನೀರಿನ ಗಾಳಿ ಅಂತ ನನ್ನ ಅಂದಾಜು. ಅಂದಾಜು ಅಷ್ಟೇ. ಪುರಾವೆ ಎಲ್ಲಿದೆ?

ಈ ಎಪಿಸೋಡಿಗೋಸ್ಕರ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಅವತ್ತು ಮರ ಯಾವ ಕಡೆಗೆ ಬಿದ್ದಿದ್ವು ದೊಡ್ಡಪ್ಪ?"

"ಎಲ್ಲಾ ಮೂಡ್ಲಾಗೇ ಕಣೋ," ಅಂದರು. ಸ್ವಲ್ಪ ತಡೆದು, "ಪಂಪ್‌ಸೆಟ್ ಹತ್ರದ್ದು ಮೂರು ಮಾತ್ರ ತೆಂಕ್ಲಾಗಿ ಬಿದ್ದಿದ್ವು. ಯಾಕ್ಲಾ?"

ಚೆಲ್ಲಿದ ಗಾಳಿಯೂ ಇರಬಹುದು, ಸುತ್ತಿದ ಗಾಳಿಯೂ ಇರಬಹುದು. ಅಕ್ಕಪಕ್ಕದ ತೋಟಗಳಲ್ಲಿ ಹೇಗೆ ಬಿದ್ದಿದ್ದವು ಅಂತ ಗೊತ್ತಾದರೆ ಹೇಳಬಹುದಿತ್ತು. ಅವೆಲ್ಲ ವಾರದೊಳಗೆ ಸೌದೆಯಾಗಿ ಹೋದವು.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಇರಿ. ಈ ಸಲ ಬಾಳೆ ಮಲಗಿದರೆ, ಹೊಗೆಸೊಪ್ಪಿನ ಬ್ಯಾರನ್ ಶೀಟು ಹಾರಿದರೆ, ಕರೆಂಟ್ ತಂತಿ ಬಿದ್ದಿಲ್ಲ ಅಂತ ನೋಡಿಕೊಂಡು ಹೋಗಿ ಫೋಟೋ ತೆಗೀರಿ. ಫೋನಿನಲ್ಲಿ ಕಂಪಾಸ್ ಇರುತ್ತೆ. ಬುಡದ ಹತ್ತಿರ ನಿಂತು, ತುದಿ ಯಾವ ದಿಕ್ಕಿಗಿದೆ, ಎಷ್ಟು ಗಂಟೆಗೆ ಬಿತ್ತು ಬರೆದಿಡಿ. ಮರ ಕಡಿಯೋಕೆ ಮುಂಚೆ.

ದೊಡ್ಡಪ್ಪನಿಗೂ ಇದನ್ನೇ ಹೇಳಿದೆ. "ಬೀಳ್ಲಿ ಅಂತ ಕಾಯ್ಕೊಂಡ್ ಕೂತಿದ್ದೀಯೇನ್ಲಾ?" ಅಂತ ಬೈದು ಫೋನ್ ಇಟ್ಟರು.