ಗುಡ್ಡದಲ್ಲಿ ಕೈಹಿಡಿಯುವವರು

ಮುಂಬಯಿಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಮೇ ತಿಂಗಳ ರಜೆ ಬಂತೆಂದರೆ ನಮ್ಮ ಡೊಂಬಿವಲಿ, ಮುಲುಂಡ್, ಬೊರಿವಲಿಯ ಕನ್ನಡ ಮನೆಗಳಿಂದಲೂ ಹೆಣ್ಣುಮಕ್ಕಳು ಬೆನ್ನಿಗೆ ಚೀಲ ಏರಿಸಿಕೊಂಡು ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಮಳೆಗಾಲ ಬಂದರೆ ಕರ್ಜತ್ ಕಡೆಯ ಬೆಳಗಿನ ಲೋಕಲ್‌ಗಳಲ್ಲಿ ಚಾರಣಿಗರದೇ ಗಲಾಟೆ. ಹೋದವರು ಕ್ಷೇಮವಾಗಿ ಬರಲಿ ಎಂದು ಮನೆಯಲ್ಲಿ ದೇವರಿಗೆ ದೀಪ ಹಚ್ಚುತ್ತೇವೆ. ಆದರೆ ಗುಡ್ಡದಲ್ಲಿ ಕಾಲು ಮುರಿದಾಗ, ಹಿಮದಲ್ಲಿ ಸಿಕ್ಕಿಬಿದ್ದಾಗ ಓಡಿ ಬರುವವರು ಯಾರು? ಅವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಆ ಸೇವೆಗೂ ಒಂದು ಇತಿಹಾಸವಿದೆ.

1936ರಲ್ಲಿ ಅಮೆರಿಕದ ಸ್ಟೋವ್ ಎಂಬಲ್ಲಿ ಚಾರ್ಲ್ಸ್ ಮೈನಟ್ ಡೋಲ್ ಎಂಬವರು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದಲ್ಲಿ ಬಿದ್ದು ಪಾದದ ಕೀಲು ಮುರಿದುಕೊಂಡರು. ಸ್ಟ್ರೆಚರ್ ಇರಲಿಲ್ಲ. ಗೆಳೆಯರು ಚಾವಣಿಯ ತಗಡೊಂದನ್ನು ತಂದು, ಅದರ ಮೇಲೆ ಮಲಗಿಸಿ ಕೆಳಗೆ ಎಳೆದು ತಂದರು. ಹಾಗೆ ನೆರವಾದ ಗೆಳೆಯ ಫ್ರಾಂಕ್ ಎಡ್ಸನ್ ಸ್ವಲ್ಪ ದಿನಗಳಲ್ಲೇ ಸ್ಕೀ ಪಂದ್ಯವೊಂದರಲ್ಲಿ ಮರಕ್ಕೆ ಬಡಿದು ತೀರಿಕೊಂಡರು. ಆ ದುಃಖದಿಂದ ಹುಟ್ಟಿದ್ದು 1938ರ ‘ನ್ಯಾಷನಲ್ ಸ್ಕೀ ಪೆಟ್ರೋಲ್’. ಇಂದು ಅದರಲ್ಲಿ ಮೂವತ್ತು ಸಾವಿರದಷ್ಟು ಸದಸ್ಯರಿದ್ದಾರೆ, ಬಹುಪಾಲು ಸ್ವಯಂಸೇವಕರೇ.

ಇಂಥ ಸೇವೆಗೆ ಅವಸರ ಏಕೆಂದು ಒಂದು ಲೆಕ್ಕ ಹೇಳುತ್ತದೆ. ಹಿಮಪಾತದಲ್ಲಿ ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿಯುವುದೂ ಕಷ್ಟ. ಹೆಲಿಕಾಪ್ಟರ್ ಬರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ. ಹಾಗಾಗಿ ಮೊದಲ ರಕ್ಷಕ ಪಕ್ಕದಲ್ಲಿರುವವನೇ.

ನಮ್ಮ ಬಚೇಂದ್ರಿ ಪಾಲ್ ಅವರ ಬದುಕೇ ಇದಕ್ಕೆ ಸಾಕ್ಷಿ. 1984ರ ಮೇ ತಿಂಗಳಲ್ಲಿ ಎವರೆಸ್ಟ್ ದಾರಿಯ ಮೂರನೆಯ ಶಿಬಿರದ ಮೇಲೆ ನಡುರಾತ್ರಿ ಹಿಮ ಕುಸಿಯಿತು. ಡೇರೆಯಲ್ಲಿ ಮಲಗಿದ್ದ ಬಚೇಂದ್ರಿ ಹಿಮದಡಿ ಸಿಲುಕಿದರು. ಅದೇ ಡೇರೆಯಲ್ಲಿದ್ದ ಲೋಪ್ಸಾಂಗ್ ಚಾಕುವಿನಿಂದ ಬಟ್ಟೆ ಸೀಳಿ ಹೊರಬಂದು, ಹಿಮ ಅಗೆದು ಅವರನ್ನು ಎಳೆದು ತೆಗೆದರು. ಒಂದು ವಾರದ ಬಳಿಕ, ಮೇ 23ರಂದು, ಬಚೇಂದ್ರಿ ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆಯಾದರು. 2013ರಲ್ಲಿ ಉತ್ತರಾಖಂಡದಲ್ಲಿ ಪ್ರವಾಹ ಬಂದಾಗ ಅವರೇ ತಂಡ ಕಟ್ಟಿಕೊಂಡು, ದಾರಿ ಕಡಿದುಹೋದ ಹಳ್ಳಿಗಳಿಗೆ ನೆರವು ಹೊತ್ತು ನಡೆದರು. ಒಮ್ಮೆ ಉಳಿಸಿಕೊಂಡವರು ಮತ್ತೊಮ್ಮೆ ಉಳಿಸಲು ಹೊರಟದ್ದು ನಮಗೆಲ್ಲ ಹೆಮ್ಮೆಯ ಸಂಗತಿ.

ಇನ್ನು ನಮ್ಮ ಸಹ್ಯಾದ್ರಿಗೆ ಬರೋಣ. ಇಲ್ಲಿ ಹಿಮದ ಜಾಗದಲ್ಲಿ ಮಳೆ, ಮಂಜು, ಪಾಚಿಗಟ್ಟಿದ ಬಂಡೆ. ಮುಂಬಯಿಯಲ್ಲಿ 1954ರಲ್ಲೇ ‘ಗಿರಿವಿಹಾರ’ ಎಂಬ ಪರ್ವತಾರೋಹಣ ಸಂಸ್ಥೆ ಹುಟ್ಟಿತು. ಮುಂದೆ ಊರೂರಿನಲ್ಲಿ ಇಂಥ ಬಳಗಗಳಾದವು. ಲೋಣಾವಳದ ‘ಶಿವದುರ್ಗ ಮಿತ್ರ’, ಖೋಪೋಲಿಯ ‘ಯಶವಂತಿ ಹೈಕರ್ಸ್’, ಮಹಾಬಲೇಶ್ವರದ ಟ್ರೆಕ್ಕರ್ಸ್ ತಂಡಗಳು ಅಂಥವು. ಕೋಟೆ ಹತ್ತುವ ಹುಚ್ಚಿನಿಂದ ಸೇರಿದವರು ಹಗ್ಗ ಕಟ್ಟುವುದು, ಕಡಿದಾದ ಬಂಡೆ ಇಳಿಯುವುದು ಕಲಿತರು. ಕಣಿವೆಗೆ ಬಿದ್ದವರನ್ನು ತರಲು ಪೊಲೀಸರು ಇವರನ್ನೇ ಕರೆಯತೊಡಗಿದರು. ಅಂಗಡಿ, ಆಫೀಸು ಬಿಟ್ಟು ಇವರು ಹೊರಟರು. ಈಗ ಮಹಾರಾಷ್ಟ್ರದ ಪರ್ವತಾರೋಹಿಗಳ ರಕ್ಷಣಾ ಸಮನ್ವಯ ಕೇಂದ್ರವೂ ಇದೆ. ಅದರ ಸಹಾಯವಾಣಿಗೆ ಕರೆ ಹೋದರೆ ಹತ್ತಿರದ ತಂಡಕ್ಕೆ ಸುದ್ದಿ ಮುಟ್ಟುತ್ತದೆ.

2018ರ ಜುಲೈ 28ರಂದು ಆಂಬೆನಳಿ ಘಾಟಿಯಲ್ಲಿ ದಾಪೋಳಿ ಕೃಷಿ ವಿದ್ಯಾಪೀಠದ ನೌಕರರ ಬಸ್ಸು ಕಣಿವೆಗೆ ಉರುಳಿದಾಗ, ಒಬ್ಬರ ಹೊರತು ಯಾರೂ ಉಳಿಯಲಿಲ್ಲ. ಆಗ ಹಗ್ಗ ಹಿಡಿದು ಆಳಕ್ಕಿಳಿದು ಶವಗಳನ್ನು ಮೇಲೆ ತಂದವರಲ್ಲಿ ಮಹಾಬಲೇಶ್ವರದ ಟ್ರೆಕ್ಕರುಗಳೂ ಇದ್ದರು. 2023ರ ಜುಲೈ 19ರ ರಾತ್ರಿ ಖಾಲಾಪುರದ ಬಳಿ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ವಾಹನ ಹೋಗುವ ರಸ್ತೆಯಿಲ್ಲದ ಆದಿವಾಸಿ ವಾಡಿ ಅದು. ಯಂತ್ರ ಏರಲಾರದ ಕಡೆ ಮಳೆಯಲ್ಲಿ ಕೆಸರು ತುಳಿದು ಹತ್ತಿದವರಲ್ಲಿ ಈ ಚಾರಣಿಗರೂ ಸೇರಿದ್ದರು. 27 ಶವಗಳು ಸಿಕ್ಕವು. 57 ಮಂದಿ ಸಿಗಲೇ ಇಲ್ಲ. ನಾವು ಚಾರಣಕ್ಕೆಂದು ಹೋಗುವ ಇರ್ಶಾಳಗಡದ ಬುಡದಲ್ಲೇ ಆ ವಾಡಿ ಇತ್ತು ಎಂಬುದನ್ನು ಮರೆಯಬಾರದು.

ಕನ್ನಡಿಗರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವ ಗಾಯ ಸಹಸ್ರತಾಲದ್ದು. 2024ರ ಜೂನ್ ಮೊದಲ ವಾರ ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಉತ್ತರಾಖಂಡಕ್ಕೆ ಹೋದ 22 ಮಂದಿಯ ತಂಡ, 14 ಸಾವಿರ ಅಡಿಗೂ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಮರಳಲಿಲ್ಲ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಸುದ್ದಿ ಕೆಳಗೆ ತಲುಪಿದ ಮೇಲೆ ವಿಪತ್ತು ಪಡೆ, ವಾಯುಸೇನೆಯ ಹೆಲಿಕಾಪ್ಟರುಗಳು ಧಾವಿಸಿದವು. ಉಳಿದ ಹದಿಮೂರು ಮಂದಿ ಪಾರಾದರು. ಕರ್ನಾಟಕದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಂತರು. ನೆರವಿನಲ್ಲಿ ಕೊರತೆಯಿರಲಿಲ್ಲ. ಆದರೆ ಅಷ್ಟು ಎತ್ತರದಲ್ಲಿ ಹೊರಗಿನ ನೆರವು ಬರುವುದೇ ತಡವಾಗಿ. ಅಲ್ಲಿಯವರೆಗೆ ಪಕ್ಕದಲ್ಲಿರುವವರೇ ಗತಿ.

ಇದರಿಂದ ನಾವು ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ, ಹೆಣ್ಣುಮಕ್ಕಳನ್ನು ತಡೆಯಬೇಕಾಗಿಯೂ ಇಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು, ಅಷ್ಟೇ. ನಮ್ಮ ಮಹಿಳಾ ವಿಭಾಗದಲ್ಲಿ ಹಳದಿ ಕುಂಕುಮ, ಪಾಕ ಸ್ಪರ್ಧೆ, ಭಜನೆಗಳ ಜೊತೆಗೆ ವರ್ಷಕ್ಕೊಂದು ದಿನ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟುಕೊಳ್ಳಬಹುದು. ಮುರಿದ ಕಾಲಿಗೆ ಆಸರೆ ಕಟ್ಟುವುದು, ನಿಂತ ಎದೆಯನ್ನು ಒತ್ತಿ ಉಸಿರು ಮರಳಿಸುವುದು, ಚಳಿಗೆ ಮರಗಟ್ಟಿದವರನ್ನು ಬೆಚ್ಚಗಿಡುವುದು ನಮ್ಮ ಕೈಗೆ ಮೀರಿದ ವಿದ್ಯೆಯಲ್ಲ. ಹತ್ತಿರದ ರಕ್ಷಣಾ ತಂಡದವರನ್ನೇ ಕರೆಸಿ ಕಲಿಯಬಹುದು. ಅವರ ಹಗ್ಗ, ಸ್ಟ್ರೆಚರಿಗೆ ಸಂಘದಿಂದ ಕೈಲಾದ ದೇಣಿಗೆಯನ್ನೂ ಕೊಡಬಹುದು. ತುರ್ತಿಗೆ 112 ಸಂಖ್ಯೆ ಎಲ್ಲರ ನೆನಪಿನಲ್ಲಿರಲಿ. ಹೊರಡುವ ಮುನ್ನ ಹೋಗುವ ದಾರಿ, ಮರಳುವ ಹೊತ್ತು ಮನೆಯಲ್ಲಿ ಬರೆದಿಟ್ಟಿರಲಿ.

ತಗಡಿನ ಮೇಲೆ ಗೆಳೆಯನನ್ನು ಎಳೆದು ತಂದವರಿಗೂ, ಹಿಮದಡಿಯಿಂದ ಬಚೇಂದ್ರಿಯವರನ್ನು ತೆಗೆದ ಲೋಪ್ಸಾಂಗರಿಗೂ ಆ ಕ್ಷಣದಲ್ಲಿ ಇದ್ದದ್ದು ಎರಡು ಕೈ ಮತ್ತು ಸ್ವಲ್ಪ ಧೈರ್ಯ. ಅವೆರಡೂ ನಮ್ಮ ಅಕ್ಕತಂಗಿಯರಲ್ಲಿ ಬೇಕಾದಷ್ಟಿವೆ. ಕಲಿಕೆಯೊಂದು ಜೊತೆಯಾದರೆ ಸಾಕು.