ಗುದ್ದಲಿ ಮುಟ್ಟದವರು ಮಾಡಿದ ಹಿತ್ತಲು



ಹಿತ್ತಲಲ್ಲಿ ನಾಲ್ಕು ಬದನೆ ಗಿಡ, ಬೇಲಿಯ ಮೇಲೊಂದು ಹೀರೆಬಳ್ಳಿ, ಬಚ್ಚಲ ನೀರು ಹರಿಯುವ ಕಡೆ ಒಂದಿಷ್ಟು ದಂಟು, ಬಸಳೆ. ಇವನ್ನು ಬೆಳೆಯುವುದು ಹೇಗೆ ಅಂತ ನಿಮಗೆ ಯಾರಾದರೂ ಹೇಳಿಕೊಡಬೇಕೆ? ಅತ್ತೆ ಮಾಡಿದ್ದನ್ನು ಸೊಸೆ ನೋಡಿದಳು, ಸೊಸೆ ಮಾಡಿದ್ದನ್ನು ಮಗಳು ನೋಡಿದಳು, ಕಲಿತದ್ದಾಯಿತು. ಬೀಜ ಯಾವಾಗ ಹಾಕಬೇಕು ಅಂತ ಕೇಳಿದರೆ ನಕ್ಕುಬಿಡುತ್ತೀರಿ.

ಆದರೆ ಹೀಗೆ ನೋಡಿ ಕಲಿಯುವುದಕ್ಕೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ? ಗುದ್ದಲಿಯನ್ನೇ ಮುಟ್ಟದ ಗುಮಾಸ್ತರು, ಅಂಗಡಿಯವರು, ಕಾರಖಾನೆಯ ಕೆಲಸಗಾರರು, ಶಾಲಾ ಮಾಸ್ತರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಂದೇ ವಸಂತದಲ್ಲಿ ತರಕಾರಿ ಬೆಳೆಯಲು ಹೊರಟರೆ ಏನಾದೀತು? ಹಾಗೆ ನಿಜವಾಗಿ ನಡೆದದ್ದುಂಟು. ದೇಶ ಇಂಗ್ಲೆಂಡು, ವರ್ಷ 1940. ಅವರಿಗೆ ಪಾಠ ಹೇಳಿದ್ದು ಯಾವುದು ಗೊತ್ತೇ? ರೇಡಿಯೋ.

ಇಂಗ್ಲೆಂಡು ಸುತ್ತಲೂ ಸಮುದ್ರವಿರುವ ನಾಡು. ಕಾರಖಾನೆಗಳು ಬೆಳೆದಂತೆ ಅಲ್ಲಿನ ಜನ ಹೊಲ ಬಿಟ್ಟು ಪಟ್ಟಣ ಸೇರಿದರು. ಊಟದ ಸಾಮಾನು ಹಡಗಿನಲ್ಲಿ ಬರುವುದು ರೂಢಿಯಾಯಿತು. ಗೋಧಿ ಕೆನಡಾದಿಂದ, ಬೆಣ್ಣೆ ನ್ಯೂಜಿಲೆಂಡಿನಿಂದ, ಈರುಳ್ಳಿ ಫ್ರಾನ್ಸಿನಿಂದ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆ ದೇಶ ಉಣ್ಣುತ್ತಿದ್ದುದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊರಗಿನದು. ನಮ್ಮ ಬೆವರಿನ ಚಹಾ, ಎಣ್ಣೆಬೀಜ ಕೂಡ ಅದರಲ್ಲಿ ಸೇರಿತ್ತು ಅನ್ನಿ. 1939ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮೇಲೆ ಯುದ್ಧ ಶುರುವಾಯಿತು. ನೀರಿನೊಳಗೆ ಅಡಗಿ ಬರುವ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದವು. ಹಡಗು ಮುಳುಗಿದರೆ ನಾವಿಕರ ಪ್ರಾಣದ ಜೊತೆಗೆ ಊರವರ ಊಟವೂ ಮುಳುಗಿತು.

ಅಕ್ಟೋಬರಿನಲ್ಲಿ ಕೃಷಿ ಮಂತ್ರಿ ಡಾರ್ಮನ್ ಸ್ಮಿತ್ ಅವರು ರೇಡಿಯೋದಲ್ಲಿ ಮಾತಾಡಿದರು. ಪಟ್ಟಣದವರು ಇನ್ನೂ 5 ಲಕ್ಷ ತುಂಡು ನೆಲ ಹಿಡಿದು ಸರಿಯಾಗಿ ದುಡಿದರೆ 10 ಲಕ್ಷ ದೊಡ್ಡವರಿಗೂ 15 ಲಕ್ಷ ಮಕ್ಕಳಿಗೂ ವರ್ಷದಲ್ಲಿ 8 ತಿಂಗಳು ಆಲೂಗಡ್ಡೆ, ತರಕಾರಿ ಆಗುತ್ತದೆ ಅಂತ ಲೆಕ್ಕ ಕೊಟ್ಟರು. ಒಂದು ತುಂಡೆಂದರೆ ಎಷ್ಟು? 90 ಅಡಿ ಉದ್ದ, 30 ಅಡಿ ಅಗಲ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನಿಮ್ಮಲ್ಲಿ ಕೆಲವರ ಕಣಕ್ಕೂ ಅಷ್ಟು ಜಾಗ ಬೇಕು! ಆದರೆ ಮೂರಡಿ ಅಂಗಳವನ್ನೂ ಕಾಣದ ಬಾಡಿಗೆಮನೆಯವನಿಗೆ ಎರಡೂವರೆ ಗುಂಟೆ ದೊಡ್ಡ ಜಮೀನೇ. ಪುರಸಭೆಗಳು ಉದ್ಯಾನ, ಆಟದ ಬಯಲು, ರೈಲುಹಳಿಯ ಪಕ್ಕದ ಬೀಳು ಎಲ್ಲವನ್ನೂ ಅಳೆದು ಹಂಚಿದವು. ‘ವಿಜಯಕ್ಕಾಗಿ ಅಗೆಯಿರಿ’ ಎಂಬ ಘೋಷಣೆ ಗೋಡೆಗೋಡೆಗೆ ಅಂಟಿತು.

ಅಗೆಯಲು ಹೊರಟರೆ ಆಗಿದ್ದೇನು? ಆ ಚಳಿಗಾಲ ಮಹಾ ಕೆಟ್ಟದ್ದು. 1940ರ ಜನವರಿಯಷ್ಟು ಥಂಡಿಯ ತಿಂಗಳು 1895ರಿಂದೀಚೆಗೆ ಬಂದಿರಲಿಲ್ಲ. ನೆಲ ಹೆಪ್ಪುಗಟ್ಟಿ ಕಲ್ಲಾಯಿತು. ಅದೇ ತಿಂಗಳ 8ರಿಂದ ಬೆಣ್ಣೆ, ಸಕ್ಕರೆ, ಹಂದಿಮಾಂಸಕ್ಕೆ ಪಡಿತರ ಚೀಟಿ ಬಂತು. ತರಕಾರಿಗೆ ಚೀಟಿ ಇರಲಿಲ್ಲ. ಬೆಳೆದವರಿಗೆ ಉಂಟು, ಸಿಕ್ಕವರಿಗೆ ಉಂಟು.

ನಮಗೆ ರೋಹಿಣಿ, ಮೃಗಶಿರೆ ಇದ್ದಂತೆ ಅವರಿಗೂ ಬಿತ್ತನೆಯ ಲೆಕ್ಕಗಳಿವೆ. ಯೇಸುವನ್ನು ಶಿಲುಬೆಗೇರಿಸಿದ ಶುಕ್ರವಾರ ಆಲೂಗಡ್ಡೆ ನೆಡುವುದು ಹಳ್ಳಿಯ ಪದ್ಧತಿ. ಆ ಹಬ್ಬ ಚಂದ್ರನ ಲೆಕ್ಕದಲ್ಲಿ ಬರುವುದರಿಂದ ಕೆಲವು ವರ್ಷ ಮಾರ್ಚಿಯಲ್ಲಿ, ಕೆಲವು ವರ್ಷ ಏಪ್ರಿಲ್ ನಡುವಿಗೆ ಬೀಳುತ್ತದೆ. 1940ರಲ್ಲಿ ಮಾರ್ಚಿ 22ಕ್ಕೇ ಬಂದುಬಿಟ್ಟಿತು. ಹಳೆಯ ಒಕ್ಕಲಿಗನಾದರೆ ಮಣ್ಣು ಹಿಡಿದು ನೋಡಿ, ಇನ್ನೂ ತಣ್ಣಗಿದೆ, ತಡೆಯೋಣ ಅನ್ನುತ್ತಾನೆ. ಹೊಸಬನಿಗೆ ಮಣ್ಣಿನ ಭಾಷೆ ಎಲ್ಲಿಂದ ಗೊತ್ತಾಗಬೇಕು?

ಹಾಸನ, ಚಿಕ್ಕಬಳ್ಳಾಪುರದ ಕಡೆಯ ಬಾಂಧವರು ಇದನ್ನು ಗಮನಿಸಿ. ಅವರು ಬಿತ್ತನೆಗಡ್ಡೆಯನ್ನು ಫೆಬ್ರವರಿಯಲ್ಲೇ ತಟ್ಟೆಯಂಥ ಪೆಟ್ಟಿಗೆಯಲ್ಲಿ, ಹೆಚ್ಚು ಕಣ್ಣಿರುವ ತುದಿ ಮೇಲೆ ಬರುವಂತೆ, ಬೆಳಕಿರುವ ಕಿಟಕಿಯ ಬಳಿ ನಿಲ್ಲಿಸಿಡುತ್ತಾರೆ. ಕತ್ತಲಲ್ಲಿಟ್ಟರೆ ಮೊಳಕೆ ಬೆಳ್ಳಗೆ ಉದ್ದವಾಗಿ ಮುರಿಯುತ್ತದೆ. ಬೆಳಕಲ್ಲಿಟ್ಟರೆ ಗಿಡ್ಡಗೆ, ಗಟ್ಟಿಯಾಗಿ, ಅರ್ಧದಿಂದ ಒಂದು ಅಂಗುಲ ಬರುತ್ತದೆ. ಹಾಗೆ ನೆಟ್ಟ ಗಡ್ಡೆ ಬೇಗ ಫಲ ಕೊಡುತ್ತದೆ. ಪಟ್ಟಣದ ಮನೆಗಳಲ್ಲಿ ಮೊಟ್ಟೆ ಇಡುವ ಅಟ್ಟೆಪೆಟ್ಟಿಗೆಗಳೇ ಇದಕ್ಕೆ ಒದಗಿದವು.

ಕೈಯಲ್ಲಿ ಬೊಬ್ಬೆ ಬಂದದ್ದು, ಸೊಂಟ ಹಿಡಿದದ್ದು ದೊಡ್ಡ ಸಂಗತಿಯಲ್ಲ. ಹುಲ್ಲುಬಯಲನ್ನು ಅಗೆದು ಹೊಲ ಮಾಡಿದ ಕಡೆ, ಹುಲ್ಲಿನ ಬೇರಲ್ಲಿ ಬದುಕಿದ್ದ ತಂತಿಯಂಥ ಗಟ್ಟಿ ಹುಳುಗಳು ಆಲೂಗಡ್ಡೆಯನ್ನು ಕೊರೆದವು. ಅದೂ ಹೋಗಲಿ. ಹೊಸಬರು ಮಾಡಿದ ದೊಡ್ಡ ತಪ್ಪು ಬೇರೆ.

ಏನೆಂದರೆ, ವಸಂತ ಬಂತು, ಬಿಸಿಲು ಕಂಡಿತು, ಅಂಗಡಿಯಿಂದ ಬೀಜದ ಪೊಟ್ಟಣ ತಂದರು, ಒಂದು ಭಾನುವಾರ ಇಡೀ ಪೊಟ್ಟಣವನ್ನು ಇಡೀ ಸಾಲಿಗೆ ಸುರಿದರು. ಲೆಟ್ಯೂಸ್ ಅಂತ ಹಸಿಯಾಗಿ ತಿನ್ನುವ ಒಂದು ಸೊಪ್ಪಿದೆ. ಅದರ ಐವತ್ತು ಗಿಡ ಒಂದೇ ವಾರದಲ್ಲಿ ತಯಾರಾದರೆ ಐದು ಜನರ ಸಂಸಾರ ಏನು ಮಾಡಬೇಕು? ನೆರೆಯವರಿಗೆ ಕೊಡೋಣವೆಂದರೆ ಅವರ ಹಿತ್ತಲಲ್ಲೂ ಅದೇ ಐವತ್ತು. ಸೊಪ್ಪು ಹೂಬಿಟ್ಟು ಕಹಿಯಾಯಿತು. ಜೂನ್, ಜುಲೈ, ಆಗಸ್ಟಿನಲ್ಲಿ ಹುರುಳಿಕಾಯಿ, ಬಟಾಣಿ ಬೇಡವೆನ್ನುವಷ್ಟು. ನವೆಂಬರು ಬರುವಾಗ ಮಡಿ ಖಾಲಿ.

ಇದು ಯಾಕೆ ಅಷ್ಟು ಗಂಭೀರ ಅಂತ ತಿಳಿಯಬೇಕಾದರೆ ಅಲ್ಲಿನ ಕಾಲಮಾನ ತಿಳಿಯಬೇಕು. ನಮ್ಮಲ್ಲಿ ನೀರಿದ್ದರೆ ಹನ್ನೆರಡು ತಿಂಗಳೂ ಏನಾದರೊಂದು ಸೊಪ್ಪು ಬರುತ್ತದೆ. ಅಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಬೀಜ ಮೊಳೆಯುವುದೇ ಕಷ್ಟ. ಮಾರ್ಚಿಯಿಂದ ಮೇ ತಿಂಗಳವರೆಗೆ ಇನ್ನೂ ಬಿಗಿ. ಹಳೆಯದು ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ. ಆ ದಿನಗಳಲ್ಲಿ ತಿನ್ನುವುದಕ್ಕೆ ಚಳಿ ತಡೆಯುವ ಕೋಸು, ಕೇಲ್ ಎಂಬ ಕೋಸಿನ ಜಾತಿಯ ಸೊಪ್ಪು, ಈರುಳ್ಳಿಯ ದಾಯಾದಿಯಾದ ಲೀಕ್ ಹೊಲದಲ್ಲೇ ನಿಂತಿರಬೇಕು. ಅವು ನಿಂತಿರಬೇಕಾದರೆ ಬೀಜ ಯಾವಾಗ ಬೀಳಬೇಕು? ಹಿಂದಿನ ವಸಂತದಲ್ಲೇ! ಮಾರ್ಚಿ, ಏಪ್ರಿಲಿನಲ್ಲಿ ಮೂಲೆಯ ಸಸಿಮಡಿಯಲ್ಲಿ ಚೂರು ಬೀಜ ಹಾಕಿ, ಬೇಗ ಬರುವ ಆಲೂಗಡ್ಡೆ, ಬಟಾಣಿ ಕಿತ್ತಮೇಲೆ ಜುಲೈ ಹೊತ್ತಿಗೆ ಆ ಜಾಗಕ್ಕೆ ಸಸಿ ಕೂಡಿಸಬೇಕು. ಬೇಸಗೆಯ ತರಕಾರಿ ಬಾ ಬಾ ಅನ್ನುತ್ತಿರುವಾಗ, ಮುಂದಿನ ಚಳಿಗಾಲದ ಹಸಿವನ್ನು ನೆನೆದು ಬಿತ್ತುವವನೇ ಬೇಸಾಯಗಾರ. ಪಟ್ಟಣದವನಿಗೆ ಈ ದೂರದ ಲೆಕ್ಕ ಗೊತ್ತಿರಲಿಲ್ಲ.

ಸರಕಾರದವರು ಕರಪತ್ರ ಹಂಚಿದರು. ನೆಲವನ್ನು ಮೂರು ಭಾಗ ಮಾಡಿ, ಒಂದರಲ್ಲಿ ಗಡ್ಡೆಗೆಣಸು, ಒಂದರಲ್ಲಿ ಬಟಾಣಿ ಹುರುಳಿಕಾಯಿ ಈರುಳ್ಳಿ, ಒಂದರಲ್ಲಿ ಕೋಸಿನ ಜಾತಿ ಹಾಕಿ ವರ್ಷವರ್ಷ ಬದಲಾಯಿಸಿ ಅಂತ ನಕ್ಷೆ ಬರೆದು ಕೊಟ್ಟರು. ಒಳ್ಳೆಯ ನಕ್ಷೆಯೇ. ಆದರೆ ಕರಪತ್ರ ಓದಿ ಯಾರು ಒಕ್ಕಲುತನ ಕಲಿತಾರು? ಮಾತಾಡುವ ಮನುಷ್ಯ ಬೇಕು.

ಆ ಮನುಷ್ಯ ಮಿಡಲ್‌ಟನ್ ಅವರು. ಪೂರ್ತಿ ಹೆಸರು ಸೆಸಿಲ್ ಹೆನ್ರಿ ಮಿಡಲ್‌ಟನ್. 1886ರಲ್ಲಿ ನಾರ್ಥಾಂಪ್ಟನ್ ಸೀಮೆಯ ಹಳ್ಳಿಯಲ್ಲಿ, ಒಬ್ಬ ಜಮೀನುದಾರರ ಮನೆಯ ತೋಟಗಾರನ ಮಗನಾಗಿ ಹುಟ್ಟಿದವರು. ಹದಿಮೂರನೆಯ ವಯಸ್ಸಿಗೇ ತೋಟದ ಕೆಲಸಕ್ಕೆ ಸೇರಿದರು, ಆಮೇಲೆ ಲಂಡನ್ನಿನ ಕ್ಯೂ ತೋಟದಲ್ಲಿ ಕಲಿತರು. 1931ರಿಂದ ಬಿ.ಬಿ.ಸಿ. ರೇಡಿಯೋದಲ್ಲಿ ಮಾತಾಡುತ್ತಿದ್ದರು. ಭಾನುವಾರ ಮಧ್ಯಾಹ್ನ, ಜನ ಮನೆಯಲ್ಲಿರುವ ಹೊತ್ತಿಗೆ ಅವರ ಮಾತು. ಆ ಕಾಲದ ರೇಡಿಯೋದವರದು ಇಸ್ತ್ರಿ ಹಾಕಿದ ಭಾಷೆ. ಇವರದು ಬೇಲಿಯಾಚೆಯಿಂದ ನೆರೆಯವನು ಮಾತಾಡಿಸಿದ ಹಾಗೆ. ಯುದ್ಧದ ಹೊತ್ತಿಗೆ 35 ಲಕ್ಷ ಮಂದಿ ಕಿವಿಗೊಡುತ್ತಿದ್ದರು. ಅವರ ಭಾಷಣಗಳನ್ನು 1942ರಲ್ಲಿ ಪುಸ್ತಕವಾಗಿ ಅಚ್ಚುಹಾಕಿದರು. ನಿಮ್ಮ ಕೈಯಲ್ಲಿರುವ ಈ ಪುಸ್ತಿಕೆಯ ಅಣ್ಣನೆನ್ನಬಹುದು.

ಭಾನುವಾರದ ಮಾತಿಗೆ ಇನ್ನೊಂದು ಗುಣವಿತ್ತು. ಕರಪತ್ರ ಇಡೀ ವರ್ಷದ್ದನ್ನು ಒಂದೇ ಸಲ ಹೇಳುತ್ತದೆ. ರೇಡಿಯೋ ವಾರಕ್ಕೊಮ್ಮೆ ಬರುತ್ತದೆ. ಈ ವಾರ ಒಂದು ಚಿಟಿಕೆ ಲೆಟ್ಯೂಸ್, ಎರಡು ವಾರ ಬಿಟ್ಟು ಇನ್ನೊಂದು ಚಿಟಿಕೆ ಎಂಬ ಬಗೆಯ ಬೇಸಾಯಕ್ಕೆ ಆ ಲಯವೇ ಸರಿ.

ಈಗ ಈರುಳ್ಳಿಯ ಪಾಡು ಕೇಳಿ. ಇಂಗ್ಲೆಂಡಿನವರು ಈರುಳ್ಳಿಯ ಬಹುಪಾಲನ್ನು ಹೊರಗಿನಿಂದಲೇ ತರಿಸುತ್ತಿದ್ದರು. ಫ್ರಾನ್ಸಿನ ಬ್ರಿಟನಿ ಕರಾವಳಿಯ ಹುಡುಗರು ಜಡೆ ಹೆಣೆದ ಈರುಳ್ಳಿಯನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಬೀದಿಬೀದಿ ಮಾರುತ್ತಿದ್ದರು. 1940ರ ಜೂನಿನಲ್ಲಿ ಫ್ರಾನ್ಸು ಸೋತಿತು, ಈರುಳ್ಳಿ ನಿಂತಿತು. 1941ರ ಮೊದಲಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಕಚೇರಿಯಲ್ಲಿ ಒಂದೇ ಒಂದು ಈರುಳ್ಳಿಗೆ ಲಾಟರಿ ಚೀಟಿ ಎತ್ತಿದರು. ಕೂಡಿದ ಹಣ ನಾಲ್ಕು ಪೌಂಡಿಗೂ ಮೇಲೆ! ತಮಾಷೆಯಾಗಿ ಕಾಣುತ್ತದೆ, ಆದರೆ ಒಗ್ಗರಣೆಗೆ ಈರುಳ್ಳಿ ಇಲ್ಲದ ಮನೆಯ ತಾಯಿಗೆ ತಮಾಷೆಯಲ್ಲ.

ಆ ವಸಂತದಲ್ಲಿ ಮನೆಮನೆಯೂ ಈರುಳ್ಳಿ ಬಿತ್ತಿತು. ಈರುಳ್ಳಿ ಹೊಸಬನ ಕೈಗೆ ಸುಲಭಕ್ಕೆ ಬಗ್ಗುವ ಬೆಳೆಯಲ್ಲ. ಆಳಕ್ಕೆ ಹಾಕಿದರೆ ಬೀಜ ಮೇಲೇಳದು, ಒತ್ತಾಗಿ ಹಾಕಿ ಪೈರು ತೆಗೆಯದಿದ್ದರೆ ಗಡ್ಡೆ ಗೋಲಿಯಷ್ಟೇ. ಮಾರ್ಚಿಯಲ್ಲಿ ಬಿತ್ತಿದ್ದು ಆಗಸ್ಟು, ಸೆಪ್ಟೆಂಬರಿಗೆ ಬಂತು ಅಂದರೆ ಐದಾರು ತಿಂಗಳ ಕಳೆ ತೆಗೆಯುವ ಕೆಲಸ. ಗಂಡಸರಲ್ಲಿ ಬಹಳ ಮಂದಿ ಸೈನ್ಯಕ್ಕೆ ಹೋಗಿದ್ದರು. ಕಳೆ ತೆಗೆದವರು ಹೆಂಗಸರು, ಮುದುಕರು, ಶಾಲೆಯ ಮಕ್ಕಳು. ಹಾಲಿನ ಗಾಡಿಯ ಕುದುರೆ ಬೀದಿಯಲ್ಲಿ ಲದ್ದಿ ಹಾಕಿದರೆ ಬಕೀಟು ಹಿಡಿದು ಓಡುವುದು ಮಕ್ಕಳ ಕೆಲಸ. ಗೊಬ್ಬರದ ಬೆಲೆ ಪಟ್ಟಣಕ್ಕೆ ತಿಳಿದದ್ದು ಆಗಲೇ ಅಂತ ನನಗನ್ನಿಸುತ್ತದೆ.

ಮೇಲಿನಿಂದ ಬಾಂಬು ಬೀಳುವ ಕಾಲ. ಹಿತ್ತಲಲ್ಲಿ ಅರ್ಧ ನೆಲಕ್ಕಿಳಿಸಿ, ತಗಡು ಬಗ್ಗಿಸಿ, ಮೇಲೆ ಮಣ್ಣು ಹಾಕಿದ ಅಡಗುಗೂಡುಗಳನ್ನು ಸರಕಾರ ಕೊಟ್ಟಿತ್ತು. ಆ ಮಣ್ಣನ್ನೂ ಜನ ಬಿಡಲಿಲ್ಲ. ಕೆಳಗೆ ಮಕ್ಕಳು ಮುದುರಿ ಮಲಗಿದರೆ ಮೇಲೆ ಕುಂಬಳದ ಜಾತಿಯ ಬಳ್ಳಿ ಹಬ್ಬಿತು. ಲಂಡನ್ನಿನ ಟವರ್ ಎಂಬ ಹಳೆಯ ರಾಜಕೋಟೆಯ ಒಣ ಕಂದಕದಲ್ಲೂ ತರಕಾರಿ ಮಡಿ ಬಂತು. ಯುದ್ಧಕ್ಕೆ ಮುಂಚೆ 8 ಲಕ್ಷದಷ್ಟಿದ್ದ ತುಂಡುಹೊಲಗಳು 1943ಕ್ಕೆ ಸುಮಾರು 14 ಲಕ್ಷವಾದವು. ಮನೆಹಿತ್ತಲುಗಳ ಲೆಕ್ಕ ಬೇರೆ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತಾದೀತು. ಅದೇ ಸರಕಾರ ಆಗ ನಮ್ಮ ದೇಶವನ್ನೂ ಆಳುತ್ತಿತ್ತು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಕ್ಕಿ ಬರುವುದು ನಿಂತಿತು. ಇಲ್ಲೂ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಶುರುವಾಯಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಸತ್ತವರು 20ರಿಂದ 30 ಲಕ್ಷವೆಂದು ಅಂದಾಜು. ಬೆಳೆಯುವುದು ಗೊತ್ತಿಲ್ಲದೆ ಅವರು ಸಾಯಲಿಲ್ಲ ಬಾಂಧವರೇ. ಸತ್ತವರಲ್ಲಿ ಹೆಚ್ಚಿನವರು ಕೂಲಿಗಳು, ಬೆಸ್ತರು, ನೆಲವಿಲ್ಲದ ಬಡವರು. ಅಕ್ಕಿಯ ಬೆಲೆ ಅವರ ಕೂಲಿಯನ್ನು ದಾಟಿ ಹೋಯಿತು. ಲಂಡನ್ನಿನ ಒಬ್ಬ ಗುಮಾಸ್ತನ ಚಳಿಗಾಲದ ಕೋಸಿನ ಬಗ್ಗೆ ಅಷ್ಟು ಲೆಕ್ಕ ಹಾಕಿದವರು ಇಲ್ಲಿ ಅಕ್ಕಿಯ ಲೆಕ್ಕ ಹಾಕಲು ತಡಮಾಡಿದರು. ಆ ತಡಕ್ಕೆ ಕ್ಷಮೆಯಿಲ್ಲ.

ರೇಡಿಯೋ ನಮ್ಮಲ್ಲೂ ಇರಲಿಲ್ಲವೆಂದಲ್ಲ. 1935ರಲ್ಲೇ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಚಿಕ್ಕ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದದ್ದು. ಆದರೆ ಆಗ ಹಳ್ಳಿಯ ಮನೆಯಲ್ಲಿ ರೇಡಿಯೋ ಪೆಟ್ಟಿಗೆ ಕಂಡವರಾರು? ಬಿತ್ತನೆಯ ಮಾತು ಗಾಳಿಯಲ್ಲಿ ನಮ್ಮ ಜಗಲಿಗೆ ಬರುವ ಹೊತ್ತಿಗೆ ಬಹಳ ವರ್ಷ ಕಳೆಯಿತು.

ಇತ್ತ ಯುದ್ಧ 1945ರಲ್ಲಿ ಮುಗಿಯಿತು. ಆ ಸೆಪ್ಟೆಂಬರಿನಲ್ಲೇ ಮಿಡಲ್‌ಟನ್ ಅವರು ಹಠಾತ್ತನೆ ತೀರಿಕೊಂಡರು. ಯುದ್ಧ ಮುಗಿದರೂ ಕೊರತೆ ಮುಗಿಯಲಿಲ್ಲ. ಯುದ್ಧದ ಉದ್ದಕ್ಕೂ ಚೀಟಿಯಿಲ್ಲದೆ ಸಿಕ್ಕಿದ್ದ ರೊಟ್ಟಿಗೆ 1946ರಲ್ಲಿ ಚೀಟಿ ಬಂತು, 1947ರಲ್ಲಿ ಆಲೂಗಡ್ಡೆಗೂ ಮಿತಿ ಬಂತು. ಪಡಿತರ ಪೂರ್ತಿ ಹೋದದ್ದು 1954ರ ಜುಲೈಗೆ. ಅಷ್ಟರೊಳಗೆ ಗುದ್ದಲಿ ಹಿಡಿದ ಬಹಳ ಮಂದಿ ಅದನ್ನು ಕೆಳಗಿಟ್ಟಿದ್ದರು, ತುಂಡುಹೊಲಗಳ ಮೇಲೆ ಮನೆಗಳೆದ್ದವು.

ಮಿಡಲ್‌ಟನ್ ಅವರ ನಿಜವಾದ ಪ್ರೀತಿ ಹೂವಿನ ಮೇಲೆ. ಹೂವಿನ ಮಡಿ ಕಿತ್ತು ಈರುಳ್ಳಿ, ಲೀಕ್ ಹಾಕಿರಿ ಎಂದು ಹೇಳುವುದು ಅವರಿಗೆ ಸುಲಭದ ಮಾತಾಗಿರಲಿಲ್ಲ. ಲಂಡನ್ನಿನ ಕೋಟೆಯ ಆ ಕಂದಕದಲ್ಲಿ 2022ರ ವಸಂತದಲ್ಲಿ ಎರಡು ಕೋಟಿಗೂ ಹೆಚ್ಚು ಬೀಜ ಬಿತ್ತಿದರು. ಎಲ್ಲವೂ ಹೂವಿನ ಬೀಜ.