ಅಂಗಳದ ಆಮೆ: ಮಕ್ಕಳ ಗಣಕಶಿಕ್ಷಣದ ಒಂದು ಸಮೀಕ್ಷೆ

ಆರನೆಯ ತರಗತಿಯ ಮಗುವಿಗೆ ಕೋಡಿಂಗ್ ಬಾರದಿದ್ದರೆ ಅದರ ಬಾಳೇ ಕೆಟ್ಟಿತೆಂದು ತಂದೆತಾಯಿಗಳನ್ನು ಹೆದರಿಸುವ ಜಾಹೀರಾತುಗಳು 2020ರ ಲಾಕ್‌ಡೌನಿನ ದಿನಗಳಲ್ಲಿ ಮನೆಮನೆಯನ್ನೂ ಹೊಕ್ಕವು. ಅದೇ ವರ್ಷ ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿಯು, ಆರರಿಂದ ಎಂಟನೆಯ ತರಗತಿಯ ಹಂತದಲ್ಲಿ ಕೋಡಿಂಗ್ ಕಲಿಸಬೇಕೆಂದು ಹೇಳಿದ ಒಂದು ಮಾತು ಆ ವರ್ತಕರಿಗೆ ಶಾಸ್ತ್ರವಾಕ್ಯದಂತೆ ಒದಗಿತು. ಅಂದಿನಿಂದ, ಈ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದುದೆಂದೂ, ಕೇವಲ ಉದ್ಯೋಗಾರ್ಥವಾದುದೆಂದೂ, ಕಿಟ್ ಕೊಂಡ ಮಾತ್ರಕ್ಕೆ ಸಿದ್ಧಿಸುವುದೆಂದೂ ಮೂರು ಭ್ರಾಂತಿಗಳು ಬೇರೂರಿವೆ. ನಾಲ್ಕು ದಶಕಗಳ ಕಾಲ ಸೀಮೆಸುಣ್ಣವನ್ನೂ ಸ್ಕ್ರೂಡ್ರೈವರನ್ನೂ ಒಂದೇ ಜೇಬಿನಲ್ಲಿಟ್ಟುಕೊಂಡು ಶಾಲೆಗಳಲ್ಲಿ ಓಡಾಡಿದ ನನಗೆ ಇದನ್ನು ಕಂಡು ಸುಮ್ಮನಿರಲಾಗದುದೇ ಈ ಸಮೀಕ್ಷೆಗೆ ಕಾರಣ.

ಪೂರ್ವೇತಿಹಾಸವನ್ನು ಬೇಗ ಮುಗಿಸಬಹುದು. 1948–49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿಯು, ಬೆಳಕನ್ನರಸಿ ಚಲಿಸುವ ಎಲ್ಮರ್, ಎಲ್ಸಿ ಎಂಬ ಎರಡು ಯಾಂತ್ರಿಕ ಆಮೆಗಳನ್ನು ನಿರ್ಮಿಸಿದನು. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ವಾಲಿ ಫ್ಯೂರ್‌ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗೆಂದೇ ಲೋಗೊ ಎಂಬ ಗಣಕಭಾಷೆಯನ್ನು ರಚಿಸಿದರು. ಕೆಲವೇ ವರ್ಷಗಳಲ್ಲಿ ಅದರ ಆಜ್ಞೆಯಂತೆ ನೆಲದ ಮೇಲೆ ಗೆರೆಯೆಳೆಯುತ್ತ ಸಾಗುವ ಆಮೆಯೂ ಬಂದಿತು. ರೋಬಾಟೂ ಕೋಡಿಂಗೂ ಹೀಗೆ ಒಂದೇ ತೊಟ್ಟಿಲಲ್ಲಿ ಬೆಳೆದ ಅವಳಿಗಳು. ಇಂದು ಎರಡಕ್ಕೂ ಬೇರೆ ಬೇರೆ ಶುಲ್ಕವನ್ನು ವಸೂಲು ಮಾಡುವವರು ಇದನ್ನು ಅರಿಯರು, ಅಥವಾ ಅರಿತೂ ಹೇಳರು.

ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆಯೊಡನೆ ಕೆಲವು ವರ್ಷ ದುಡಿದಿದ್ದ ಪ್ಯಾಪರ್ಟನಿಗೆ ಗಣಕಕ್ಕಿಂತಲೂ ಮಗುವಿನ ಬುದ್ಧಿಯ ವ್ಯಾಪಾರವೇ ಹೆಚ್ಚು ಕುತೂಹಲಕರವಾಗಿದ್ದಿತು. 1980ರಲ್ಲಿ ಪ್ರಕಟವಾದ ಅವನ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥದ ಸಾರವಿಷ್ಟು: ಯಂತ್ರವು ಮಗುವಿಗೆ ಪಾಠ ಹೇಳುವುದರ ಬದಲು ಮಗುವೇ ಯಂತ್ರಕ್ಕೆ ಪಾಠ ಹೇಳಲಿ, ಹಾಗೆ ಹೇಳಹೊರಟ ಮಗು ತಾನು ಹೇಗೆ ಯೋಚಿಸುತ್ತೇನೆಂಬುದನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ, ಅಲ್ಲಿ ತಪ್ಪೆಂಬುದು ಶಿಕ್ಷಾರ್ಹವಾದ ಅಪರಾಧವಾಗಿ ಉಳಿಯದೆ, ಹುಡುಕಿ ತಿದ್ದಬೇಕಾದ ಒಂದು ಸ್ವಾರಸ್ಯವಾಗುತ್ತದೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ಆಮೇಲೆ ಯಾರೂ ಆಡಿಲ್ಲವೆಂದು ನನ್ನ ನಂಬಿಕೆ.

ನಮ್ಮ ತಲೆಮಾರಿಗೆ ಈ ಮಾತು ತಡವಾಗಿ ಮುಟ್ಟಿತು. 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯು ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಗಣಕಗಳನ್ನು ತರಿಸಿಕೊಟ್ಟಿತು. ಆಮೇಲಿನ ವರ್ಷಗಳಲ್ಲಿ ನಾನು ಕಂಡ ಗಣಕದ ಕೊಠಡಿಗಳಿಗೂ ದೇವರ ಮನೆಗೂ ಬಹಳ ಅಂತರವಿರಲಿಲ್ಲ: ಬಾಗಿಲಿಗೆ ಬೀಗ, ಯಂತ್ರಕ್ಕೆ ಹೊದಿಕೆ, ಚಪ್ಪಲಿ ಹೊರಗೆ. ಕರೆಂಟು ಹೋದಾಗಲೇ ನಮಗೆ ನಿಜವಾದ ಪಾಠ ನಡೆಯುತ್ತಿದ್ದುದು. ಅಂತಹ ಒಂದು ಮಧ್ಯಾಹ್ನ ಹುಡುಗನೊಬ್ಬನನ್ನು ಆಮೆಯಾಗಿಸಿ ಅಂಗಳದಲ್ಲಿ ನಿಲ್ಲಿಸಿದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ತ್ರಿಕೋನವನ್ನು ಬರೆಯಿಸಲೆಂದು “ಮುಂದೆ ಹತ್ತು ಹೆಜ್ಜೆ, ಬಲಕ್ಕೆ ಅರವತ್ತು ಡಿಗ್ರಿ” ಎಂದು ಮೂರು ಸಾರಿ ಆಜ್ಞಾಪಿಸಿದಳು. ನೆಲದ ಮೇಲೆ ಮೂಡಿದುದು ಬಾಯ್ತೆರೆದ ಅರ್ಧ ಷಟ್ಕೋನ. “ತ್ರಿಕೋನದ ಮೂಲೆ ಅರವತ್ತೇ ಅಲ್ವಾ ಸಾರ್? ಇವನಿಗೇ ತಿರುಗೋಕೆ ಬರಲ್ಲ” ಎಂದು ಆಮೆಯನ್ನು ಆಚೆ ಸರಿಸಿ ತಾನೇ ನಡೆದವಳು, ಮೊದಲ ಮೂಲೆಯಲ್ಲಿ ಒಂದು ಕಾಲನ್ನೆತ್ತಿ ಹಾಗೆಯೇ ನಿಂತುಬಿಟ್ಟಳು. ಬಳಿಕ, “ನಾನು ತಿರುಗೋದು ಹೊರಗಿನ ಮೂಲೆ ಸಾರ್, ನೂರಿಪ್ಪತ್ತು” ಎಂದಳು. ಮೂರು ನೂರಿಪ್ಪತ್ತು ಸೇರಿ ಪೂರ್ಣವೊಂದು ಸುತ್ತು. ಬಾಹ್ಯಕೋನಗಳ ಪ್ರಮೇಯ ಅವಳ ಹಿಮ್ಮಡಿಯಲ್ಲಿ ಸಿದ್ಧವಾಗಿದ್ದಿತು.

ಹೀಗೆ ನೆಲದ ಮೇಲೆ ಗೆರೆಯೆಳೆದು ಕಲಿಯುವುದಕ್ಕೆ ನಮ್ಮಲ್ಲಿಯೇ ಬೇರುಗಳಿದ್ದುವೆಂಬುದನ್ನು ಮರೆಯಬಾರದು. 1974ರಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಎಂಬ ಮದರಾಸಿನ ವಿದ್ವಾಂಸರು, ಮನೆಯ ಮುಂದಿನ ಕೋಲಂ ರೇಖೆಗಳನ್ನು ಗಣಕಶಾಸ್ತ್ರದ ವ್ಯಾಕರಣ ನಿಯಮಗಳಿಂದ ವಿವರಿಸಿದರು. ಚುಕ್ಕಿ ರಂಗೋಲಿಯಿಡುವ ಕೈಗೆ ಪುನರಾವರ್ತನೆಯೂ ಕ್ರಮವಿಧಿಯೂ ಹೊಸವೇ? ಆ ದಾರಿಯಲ್ಲಿ ಮುಂದೆ ನಡೆದ ಶಾಲಾ ಪಠ್ಯವನ್ನು ನಾನು ಕಂಡಿಲ್ಲ.

ಮುಂದಿನ ಕಾಲ ಉಪಕರಣಗಳ ಸಮೃದ್ಧಿಯದು. ಪ್ಯಾಪರ್ಟನ ಗ್ರಂಥದ ಹೆಸರನ್ನೇ ಹೊತ್ತ ಲೆಗೊ ರೋಬಾಟ್ ಕಿಟ್ಟುಗಳು 1998ರಲ್ಲಿ ಬಂದು, ಬೆಲೆಯ ದೆಸೆಯಿಂದ ಉಳ್ಳವರ ಶಾಲೆಗಳಲ್ಲಿಯೇ ನಿಂತು, 2022ರಲ್ಲಿ ತಯಾರಿಕೆಯಿಂದಲೇ ಮರೆಯಾದವು. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಅಗ್ಗದ ಸರ್ಕ್ಯೂಟ್ ಹಲಗೆಯು ಇವುಗಳಿಗಿಂತ ಹೆಚ್ಚು ಉಪಕಾರ ಮಾಡಿತು. 2007ರ ಸ್ಕ್ರ್ಯಾಚ್ ಎಂಬ ಗಣಕಭಾಷೆಯು, ಬಣ್ಣದ ತುಂಡುಗಳನ್ನು ಜೋಡಿಸುವ ಉಪಾಯದಿಂದ ಕಾಗುಣಿತದ ಕಾಟವನ್ನು ತಪ್ಪಿಸಿತು. ಆದರೆ ನೆಲದ ಮೇಲೆ ನಡೆಯುವ ಸುಖವನ್ನೂ ಸ್ವಲ್ಪ ಕಳೆಯಿತು. 2016ರಲ್ಲಿ ಬ್ರಿಟನ್ ತನ್ನ ಹನ್ನೊಂದು ಹನ್ನೆರಡರ ಮಕ್ಕಳಿಗೆ ಸುಮಾರು ಹತ್ತು ಲಕ್ಷ ಮೈಕ್ರೊಬಿಟ್ ಹಲಗೆಗಳನ್ನು ಹಂಚಿತು.

ಅದೇ 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಷನ್ ಮಿಷನ್ನಿನ ಟಿಂಕರಿಂಗ್ ಲ್ಯಾಬುಗಳು, ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗಿನ ನೆರವಿನೊಡನೆ, ಆರನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಬಾಗಿಲು ತೆರೆದುವು. ಇದು ಸಣ್ಣ ಮಾತಲ್ಲ. ಆದರೂ ನಾನು ಕಂಡ ಎಷ್ಟೋ ಪ್ರದರ್ಶನಗಳಲ್ಲಿ ಗಣ್ಯರ ಮುಂದೆ ಓಡಿದುದು, ಕಪ್ಪು ಗೆರೆಯನ್ನು ಹಿಂಬಾಲಿಸುವ ಅದೇ ಸಿದ್ಧ ಬಂಡಿ. ಒಮ್ಮೆ ಅಂತಹ ಬಂಡಿಯೊಂದು ನೇರ ಹೋಗೆಂದರೆ ಎಡಕ್ಕೇ ವಾಲುತ್ತಿದ್ದಿತು. ಮೂವರು ಮಕ್ಕಳು ಎರಡು ದಿನ ಪ್ರೋಗ್ರಾಮನ್ನು ತಿದ್ದಿ ತಿದ್ದಿ ಬೇಸತ್ತು, ಕೊನೆಗೆ ಎಡಬಲದ ಮೋಟಾರುಗಳನ್ನು ಅದಲುಬದಲು ಮಾಡಿದರು. ಬಂಡಿ ಬಲಕ್ಕೆ ವಾಲಿತು. ದೋಷವಿದ್ದುದು ಪ್ರೋಗ್ರಾಮಿನಲ್ಲಲ್ಲ, ಮೋಟಾರಿನಲ್ಲೆಂದು ತಿಳಿದು ಆಗ ಆ ಮಕ್ಕಳು ಕುಣಿದ ಕುಣಿತಕ್ಕೆ ಯಾವ ಬಹುಮಾನವೂ ಇಲ್ಲ. ಬಂಡಿ ಇನ್ನೂ ವಾಲುತ್ತಲೇ ಇದ್ದಿತಲ್ಲ!

ಕಿಟ್ಟಿಗೆ ಹಣವೊದಗಿದಷ್ಟು ಸುಲಭವಾಗಿ ಶಿಕ್ಷಕನಿಗೂ ಭಾಷೆಗೂ ಒದಗಲಿಲ್ಲ. ಇದಕ್ಕೆ ಅಪವಾದವೆಂಬಂತೆ ಕೇರಳವು 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳನ್ನು ಕಟ್ಟಿ, 2025ರಲ್ಲಿ ಹತ್ತನೆಯ ತರಗತಿಯ ಎಲ್ಲ ಮಕ್ಕಳಿಗೂ ರೋಬಾಟಿಕ್ಸನ್ನು ಪಠ್ಯವಾಗಿಸಿತು. ಅಲ್ಲಿಯ ಮಾಹಿತಿ ತಂತ್ರಜ್ಞಾನದ ಹೊಸ ಪಠ್ಯಗಳು ಮಲಯಾಳ, ಇಂಗ್ಲಿಷ್, ತಮಿಳುಗಳೊಡನೆ ಕನ್ನಡದಲ್ಲಿಯೂ ಬರುತ್ತವೆ. ಕಾಸರಗೋಡಿನ ಕನ್ನಡದ ಮಗುವಿಗೆ ದೊರೆತುದು ಕಲಬುರಗಿಯ ಮಗುವಿಗೆ ಯಾವಾಗ ದೊರೆಯುವುದೋ ನೋಡಬೇಕು.

ಮಕ್ಕಳು ಬಳಸುವ ತಂತ್ರಾಂಶವೊಂದರಲ್ಲಿ ಭಾಷೆಗಳ ಪಟ್ಟಿಯಿದ್ದಿತು; ಮಿಕ್ಕವರು ತಮ್ಮ ತಮ್ಮ ಭಾಷೆಯ ಹೆಸರನ್ನು ಬರೆದುಕೊಂಡಿದ್ದರೆ, ‘ಕನ್ನಡ’ ಎಂದಿರಬೇಕಾದಲ್ಲಿ ‘ಭಾಷೆ-ಹೆಸರು’ ಎಂದಿದ್ದಿತು. ಹೆಸರನ್ನು ತುಂಬಿರೆಂಬ ಸೂಚನೆಯನ್ನೇ ನಮ್ಮವರಾರೋ ಅನುವಾದಿಸಿ ಕೈತೊಳೆದುಕೊಂಡಿದ್ದರು. ನಾವು ಶಿಕ್ಷಕರೂ ಅದನ್ನು ದಿನವೂ ಒತ್ತಿ ಮುಂದೆ ಹೋಗುತ್ತಿದ್ದೆವು. ಆರನೆಯ ತರಗತಿಯ ಹುಡುಗನೊಬ್ಬನು ಆ ಸಾಲಿನ ಮೇಲೆ ಬೆರಳಿಟ್ಟು, “ಸಾರ್, ಇಲ್ಲಿ ಹೆಸರು ಬರೆಯೋದು ಯಾರೋ ಮರೆತಿದಾರೆ” ಎಂದನು.